ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಬೇಕೇ? ಮನೆಯಲ್ಲಿ ಯಾರಿಗೆ, ಯಾವ ತಿಂಗಳಲ್ಲಿ?

ಪ್ರಶ್ನೆ: ನವನಗರವಾಸಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತೀರ್ಮಾನವಾಗದೆ ಉಳಿದಿರುವ ಒಂದು ವಿಷಯಕ್ಕೆ ತಿಳಿದವರ ಸಲಹೆ ಬೇಕಾಗಿದೆ. ತಂದೆಯವರಿಗೆ ಎಪ್ಪತ್ತೆರಡು ವರ್ಷ. ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇದೆ, ಅದರ ಜೊತೆಗೆ ಕೆಲವು ವರ್ಷಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ಅವ್ವನಿಗೆ ಅರವತ್ತೇಳು, ಮೋಡ ಕವಿದರೆ ಸಾಕು ದಮ್ಮು ಏಳುತ್ತದೆ, ಇನ್‌ಹೇಲರ್ ತಲೆದಿಂಬಿನ ಪಕ್ಕದಲ್ಲೇ ಇರಬೇಕು. ನಾನು, ನನ್ನ ಹೆಂಡತಿ ನಲವತ್ತರ ಆಸುಪಾಸಿನವರು, ಇಬ್ಬರಿಗೂ ಹೇಳಿಕೊಳ್ಳುವಂಥ ಕಾಯಿಲೆ ಇಲ್ಲ. ಮಗ ಏಳನೆಯ ತರಗತಿಯಲ್ಲಿದ್ದಾನೆ, ಮಗಳು ಬರುವ ಜೂನಿಗೆ ಒಂದನೆಯ ತರಗತಿಗೆ ಹೋಗುತ್ತಾಳೆ.

ತಂದೆಯವರನ್ನು ತಪಾಸಣೆಗೆಂದು ಬೆಳಗಾವಿಗೆ ಕರೆದುಕೊಂಡು ಹೋದಾಗ ಅಲ್ಲಿನ ವೈದ್ಯರು ಗುಳಿಗೆಗಳ ಚೀಟಿಯ ಕೊನೆಯಲ್ಲಿ ‘ಫ್ಲೂ ಲಸಿಕೆ, ಪ್ರತಿ ವರ್ಷ’ ಎಂದು ಬರೆದು ಕೊಟ್ಟರು. ಹೊರಗೆ ಇನ್ನೂ ಬಹಳ ಜನ ಸರದಿಯಲ್ಲಿ ಕಾಯುತ್ತಿದ್ದುದರಿಂದ ಏಕೆ, ಯಾವಾಗ ಎಂದು ವಿಚಾರಿಸಲು ಆಗಲಿಲ್ಲ. ಮನೆಗೆ ಬಂದ ಮೇಲೆ ಆ ಒಂದು ಸಾಲಿನ ಬಗ್ಗೆ ಒಬ್ಬೊಬ್ಬರದು ಒಂದೊಂದು ಮಾತಾಯಿತು. ನೆಗಡಿ-ಜ್ವರಕ್ಕೆ ಎರಡು ಸಾವಿರ ರೂಪಾಯಿಯ ಸೂಜಿ ಏಕೆ, ಮೆಣಸಿನ ಕಷಾಯ ಸಾಲದೇ ಎಂಬುದು ತಂದೆಯವರ ವಾದ. ಈ ಲಸಿಕೆಯನ್ನು ಕೋಳಿಮೊಟ್ಟೆಯಲ್ಲಿ ತಯಾರಿಸುತ್ತಾರೆಂದು ಯಾರೋ ಹೇಳಿದ್ದನ್ನು ಕೇಳಿ ಅವ್ವ ಬೇಡವೇ ಬೇಡ ಎನ್ನುತ್ತಿದ್ದಾರೆ. ಮುಧೋಳದ ನಮ್ಮ ಭಾವನವರು ಹಿಂದೊಮ್ಮೆ ಹಾಕಿಸಿಕೊಂಡು ಅದೇ ವಾರ ಜ್ವರ ಬಂದು ಮಲಗಿದವರು. ಅವರ ಪ್ರಕಾರ ಇದು ಇಲ್ಲದ ಕಾಯಿಲೆಯನ್ನು ದುಡ್ಡು ಕೊಟ್ಟು ತರಿಸಿಕೊಂಡಂತೆ.

ಇನ್ನೊಂದು ವಿಷಯವನ್ನೂ ಹೇಳಬೇಕು. ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರಿಗೆ ನಮ್ಮ ಓಣಿಯಲ್ಲಿ ದಾಸೋಹ ಇರುತ್ತದೆ. ನಡೆದು ದಣಿದು, ಕೆಮ್ಮುತ್ತಾ ಬರುವ ಯಾತ್ರಿಕರ ಕಾಲಿಗೆ ಎಣ್ಣೆ ತಿಕ್ಕುವ ಸೇವೆಯನ್ನು ತಂದೆಯವರು ಯಾರಿಗೂ ಬಿಟ್ಟುಕೊಡುವುದಿಲ್ಲ, ಬೇಡವೆಂದು ಹೇಳುವ ಧೈರ್ಯ ನಮಗೂ ಇಲ್ಲ.

ಆದ್ದರಿಂದ ಕೇಳುತ್ತಿದ್ದೇನೆ: ಈ ಲಸಿಕೆ ನಿಜವಾಗಿಯೂ ಅಗತ್ಯವೇ, ಅಗತ್ಯವಿದ್ದರೆ ಆರೂ ಜನರಿಗೆ ಬೇಕೇ ಅಥವಾ ಹಿರಿಯರಿಬ್ಬರಿಗೆ ಸಾಕೇ, ಮತ್ತು ವರ್ಷದ ಯಾವ ಹೊತ್ತಿನಲ್ಲಿ ಹಾಕಿಸುವುದು ಸರಿ? ಅನುಭವವಿದ್ದವರು ಹಾಗೂ ವೈದ್ಯಕೀಯ ಕ್ಷೇತ್ರದಲ್ಲಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಗೃಹಿಣಿ, ವಿಜಯಪುರ

ಅಣ್ಣಾವರೇ, ನಾನು ವೈದ್ಯೆಯಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನು ಮಾತ್ರ ಹೇಳಬಲ್ಲೆ. ನಮ್ಮ ಅತ್ತೆಯವರು ಮದುವೆಯಾಗಿ ಬಂದಾಗಿನಿಂದ ಗ್ಯಾಸ್ ಒಲೆ ಬರುವ ತನಕ ಕಟ್ಟಿಗೆ, ಕುಳ್ಳು ಉರಿಸಿ ರೊಟ್ಟಿ ಬಡಿದವರು. ಆ ಹೊಗೆಯಿಂದಲೇ ಶ್ವಾಸಕೋಶ ಕೆಟ್ಟಿದೆ ಎಂದು ವೈದ್ಯರು ಹೇಳುತ್ತಾರೆ. ಒಂದು ಶ್ರಾವಣದಲ್ಲಿ ಮನೆಯ ಮಕ್ಕಳಿಗೆ ಶಾಲೆಯಿಂದ ಜ್ವರ ಅಂಟಿಕೊಂಡಿತು. ಮಕ್ಕಳು ಮೂರು ದಿನಕ್ಕೆ ಎದ್ದು ಆಡತೊಡಗಿದರು. ಅದೇ ಜ್ವರ ಅತ್ತೆಯವರಿಗೆ ಹತ್ತಿದಾಗ ನ್ಯುಮೋನಿಯಾಕ್ಕೆ ತಿರುಗಿ ಐ.ಸಿ.ಯು.ಗೆ ಸೇರಿಸಬೇಕಾಯಿತು. ಪರೀಕ್ಷೆಯಲ್ಲಿ ಎಚ್1ಎನ್1 ಎಂಬ ಫ್ಲೂ ಎಂದು ಬಂತು. ಆ ಬಿಲ್ಲಿನ ಹಣದಲ್ಲಿ ಇಡೀ ಮನೆಗೆ ಎಷ್ಟು ವರ್ಷ ಸೂಜಿ ಹಾಕಿಸಬಹುದಿತ್ತು ಎಂದು ನನ್ನ ಯಜಮಾನರು ಈಗಲೂ ಲೆಕ್ಕ ಹಾಕುತ್ತಿರುತ್ತಾರೆ.

ಅಂದಿನಿಂದ ಪ್ರತಿ ವರ್ಷ ಹಾಕಿಸುತ್ತಿದ್ದೇವೆ. ಹಾಕಿಸಿದ ಮೇಲೆ ನೆಗಡಿಯೇ ಬಂದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನೆಗಡಿ ಬರುತ್ತದೆ, ಕೆಮ್ಮು ಬರುತ್ತದೆ, ಒಂದು ವರ್ಷ ಜ್ವರವೂ ಬಂದಿತ್ತು. ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಪ್ರಸಂಗ ಬಂದಿಲ್ಲ. ಅದು ಲಸಿಕೆಯಿಂದಲೇ ಎಂದು ಸಾಧಿಸಿ ತೋರಿಸಲು ನನ್ನಿಂದಾಗದು.

ನಿಮ್ಮ ಅವ್ವನವರ ಮೊಟ್ಟೆಯ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ನಮ್ಮ ಅತ್ತೆಯವರೂ ಲಿಂಗಪೂಜೆಯಾಗದೆ ಹನಿ ನೀರು ಮುಟ್ಟುವವರಲ್ಲ. ‘ಹೇಳಲೇಬೇಡಿ, ಬರೀ ಶಕ್ತಿಯ ಸೂಜಿ ಎಂದು ಹೇಳಿ ಹಾಕಿಸಿಬಿಡಿ’ ಎಂದು ನಮಗೆ ಸಲಹೆ ಕೊಟ್ಟವರಿದ್ದರು. ಹಿರಿಯರಿಗೆ ಹಾಗೆ ಮಾಡುವುದು ನನಗೆ ಸರಿಕಾಣಲಿಲ್ಲ. ಇದ್ದುದನ್ನು ಇದ್ದ ಹಾಗೆ ಹೇಳಿದೆವು: ವೈರಸ್ಸನ್ನು ಮೊಟ್ಟೆಯಲ್ಲಿ ಬೆಳೆಸಿ, ಕೊಂದು, ಶುದ್ಧ ಮಾಡಿ ತೆಗೆಯುತ್ತಾರೆ, ಕೊನೆಗೆ ಮೊಟ್ಟೆಯ ಅಂಶ ಅತ್ಯಲ್ಪ ಪ್ರಮಾಣದಲ್ಲಿ ಉಳಿಯಬಹುದು. ಅವರು ನುಂಗುವ ಬಣ್ಣಬಣ್ಣದ ಕ್ಯಾಪ್ಸೂಲುಗಳ ಹೊರಕವಚ ಸಾಮಾನ್ಯವಾಗಿ ಪ್ರಾಣಿಗಳಿಂದ ತೆಗೆದ ಜೆಲಟಿನ್ನಿನದು ಎಂಬುದನ್ನೂ ವೈದ್ಯರು ವಿವರಿಸಿದರು. ಅತ್ತೆಯವರು ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ‘ಐ.ಸಿ.ಯು.ನೊಳಗ ನಳಿಗಿ ಹಾಕಿಸ್ಕೊಂಡು ಪೂಜಿ ತಪ್ಪಿಸೂದಕ್ಕಿಂತ ಇದ ಚಲೋ’ ಎಂದರು. ನಿಮ್ಮ ಅವ್ವನವರು ಬೇರೆ ತೀರ್ಮಾನ ಮಾಡಬಹುದು, ಅದು ಅವರ ಹಕ್ಕು; ಆದರೆ ಪೂರ್ತಿ ತಿಳಿದು ಮಾಡಲಿ.

ಉತ್ತರ: ಗಣಿತ ಉಪನ್ಯಾಸಕ, ಜಮಖಂಡಿ

ಮೇಲಿನ ಸಹೋದರಿಯವರ ಅನುಭವಕ್ಕೆ ಗೌರವ ಕೊಟ್ಟೇ ಹೇಳುತ್ತೇನೆ, ಒಂದು ಮನೆಯ ಅನುಭವದಿಂದ ಲಸಿಕೆಯ ಪರವಾಗಲಿ ವಿರುದ್ಧವಾಗಲಿ ನಿರ್ಣಯಕ್ಕೆ ಬರಬಾರದು. ಮುಧೋಳದ ಭಾವನವರ ಜ್ವರಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಈ ಲಸಿಕೆ ವೈರಸ್ಸಿಗೆ ಚೆನ್ನಾಗಿ ಹೊಂದಿಕೆಯಾದ ವರ್ಷಗಳಲ್ಲಿ ಫ್ಲೂ ಬಂದು ವೈದ್ಯರ ಬಳಿಗೆ ಹೋಗುವ ಸಾಧ್ಯತೆಯನ್ನು ಶೇಕಡಾ 40ರಿಂದ 60ರಷ್ಟು ಕಡಿಮೆ ಮಾಡುತ್ತದೆ ಎನ್ನುತ್ತಾರೆ. ಕೇಳಲು ದೊಡ್ಡ ಸಂಖ್ಯೆ. ಆದರೆ ಯಾವುದರ ಶೇಕಡಾ ಅರವತ್ತು ಎಂದು ಕೇಳದೆ ಈ ಸಂಖ್ಯೆಗೆ ಅರ್ಥವಿಲ್ಲ. ಕಾಕ್ರೇನ್ ಎಂಬ ಸಂಸ್ಥೆ ಜಗತ್ತಿನ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ, ಆರೋಗ್ಯವಂತ ವಯಸ್ಕರಲ್ಲಿ ಲಸಿಕೆ ಪಡೆಯದವರ ಪೈಕಿ ಒಂದು ಹಂಗಾಮಿನಲ್ಲಿ ಫ್ಲೂ ಬಂದವರು ಶೇಕಡಾ 2.3, ಪಡೆದವರಲ್ಲಿ ಶೇಕಡಾ 0.9. ಅಂದರೆ ಒಬ್ಬರಿಗೆ ಫ್ಲೂ ತಪ್ಪಿಸಲು 71 ಜನ ಆರೋಗ್ಯವಂತರಿಗೆ ಲಸಿಕೆ ಹಾಕಬೇಕು. ವೃದ್ಧರ ಲೆಕ್ಕ ಬೇರೆ: ಅದೇ ಸಂಸ್ಥೆಯ ಇನ್ನೊಂದು ಪರಿಶೀಲನೆಯಲ್ಲಿ ಶೇಕಡಾ 6 ಇದ್ದದ್ದು ಶೇಕಡಾ 2.4ಕ್ಕೆ ಇಳಿದಿದೆ, ಹಾಗಾಗಿ 30 ಜನರಿಗೆ ಹಾಕಿದರೆ ಒಬ್ಬರಿಗೆ ತಪ್ಪುತ್ತದೆ. ಆ ಒಬ್ಬರು ನಿಮ್ಮ ತಂದೆಯವರಂಥ ಸಕ್ಕರೆ ಮತ್ತು ಹೃದಯದ ತೊಂದರೆ ಇರುವವರಾದರೆ ತಪ್ಪಿದ್ದು ಬರೀ ಮೂರು ದಿನದ ಜ್ವರವಲ್ಲ, ಆಸ್ಪತ್ರೆ ವಾಸವೇ ಇರಬಹುದು.

ಹೀಗೆ ನೋಡಿದಾಗ ನಿಮ್ಮ ಮನೆಯ ಆರು ಜನರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಒಂದು ಸೂಜಿಗೆ ಒಂದೂವರೆ ಸಾವಿರದಿಂದ ಎರಡು ಸಾವಿರದ ತನಕ ಖರ್ಚು ಬಂದರೆ, ಮೊದಲ ಎರಡು ಸೂಜಿಯ ಹಣ ನಿಸ್ಸಂಶಯವಾಗಿ ಹಿರಿಯರಿಬ್ಬರದು. ನಾನು ಐವತ್ತರ ಒಳಗಿನವನು, ಕಾಯಿಲೆ ಇಲ್ಲ, ಮನೆಯಲ್ಲಿ ವೃದ್ಧರೂ ಇಲ್ಲ. ನಾನು ಹಾಕಿಸಿಕೊಳ್ಳುವುದಿಲ್ಲ, ಅದಕ್ಕೆ ನನಗೆ ಸಂಕೋಚವೂ ಇಲ್ಲ. ಲಸಿಕೆ ವಿಷ ಎಂದು ವಾಟ್ಸಾಪಿನಲ್ಲಿ ಹಂಚುವವರ ಸಾಲಿಗೆ ಮಾತ್ರ ದಯವಿಟ್ಟು ನನ್ನನ್ನು ಸೇರಿಸಬೇಡಿ.

ಉತ್ತರ: ನಿವೃತ್ತ ವೈದ್ಯ, ಬೆಳಗಾವಿ

ಉಪನ್ಯಾಸಕರು ಕೊಟ್ಟ ಸಂಖ್ಯೆಗಳು ಸರಿಯಾಗಿವೆ, ಆರೋಗ್ಯವಂತ ಮಧ್ಯವಯಸ್ಕರಿಗೆ ಇದರ ಲಾಭ ಸಣ್ಣದು ಎಂಬ ಅವರ ಮಾತನ್ನೂ ಒಪ್ಪುತ್ತೇನೆ. ಆದರೆ ಆ ಲೆಕ್ಕದಲ್ಲಿ ಎಣಿಸಿರುವುದು ಫ್ಲೂ ಪ್ರಕರಣಗಳನ್ನು ಮಾತ್ರ. ಸ್ಟೆಂಟ್ ಹಾಕಿಸಿಕೊಂಡವರ ವಿಷಯದಲ್ಲಿ ನಾವು ಹೆದರುವುದು ಜ್ವರಕ್ಕಿಂತ ಹೆಚ್ಚಾಗಿ ಅದರ ಬೆನ್ನಿಗೆ ಬರುವ ಹೃದಯಾಘಾತಕ್ಕೆ. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಫ್ಲೂ ಖಚಿತವಾದ ನಂತರದ ಏಳು ದಿನಗಳಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರುವ ಸಂಭವ ಉಳಿದ ದಿನಗಳಿಗಿಂತ ಆರು ಪಟ್ಟು ಹೆಚ್ಚಿತ್ತು. ಸೋಂಕಿನಿಂದ ದೇಹದಲ್ಲಿ ಉರಿಯೂತ ಹೆಚ್ಚುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಏರುತ್ತದೆ, ಹೃದಯ ಬಡಿತ ಜೋರಾಗುತ್ತದೆ. ಮೊದಲೇ ಕಿರಿದಾದ ರಕ್ತನಾಳಕ್ಕೆ ಇದೆಲ್ಲ ಒಮ್ಮೆಲೇ ಬಂದರೆ ತಾಳಿಕೊಳ್ಳುವುದು ಕಷ್ಟ. ಹೃದಯಾಘಾತವಾದವರಿಗೆ ಅಥವಾ ತೀವ್ರ ಹೃದ್ರೋಗವಿದ್ದವರಿಗೆ ಈ ಲಸಿಕೆ ಹಾಕಿ ಒಂದು ವರ್ಷ ಗಮನಿಸಿದ ಇನ್ನೊಂದು ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು, ನೆರೆಯ ಬಾಂಗ್ಲಾದೇಶದವರೂ ಇದ್ದರು. ಲಸಿಕೆ ಪಡೆದವರಲ್ಲಿ ಸಾವು, ಮತ್ತೊಂದು ಹೃದಯಾಘಾತ ಮುಂತಾದ ಗಂಭೀರ ಘಟನೆಗಳು ಶೇಕಡಾ 28ರಷ್ಟು ಕಡಿಮೆಯಾದವು. ನಿಮ್ಮ ವೈದ್ಯರು ಚೀಟಿಯ ಕೊನೆಗೆ ಬರೆದ ಆ ಸಾಲಿನ ಹಿಂದೆ ಇಂಥ ಕಾರಣಗಳಿವೆ.

ತಂದೆಯವರ ಕಷಾಯವನ್ನು ನಾನು ಬೇಡವೆನ್ನುವುದಿಲ್ಲ, ಗಂಟಲಿಗೆ ಹಿತ. ಆದರೆ ನೆಗಡಿ ಬೇರೆ, ಫ್ಲೂ ಬೇರೆ. ಸಾಮಾನ್ಯ ನೆಗಡಿ ತರುವ ವೈರಸ್ಸುಗಳು ನೂರಾರಿವೆ, ಅವುಗಳ ಮೇಲೆ ಈ ಲಸಿಕೆಯ ಪ್ರಭಾವ ಏನೂ ಇಲ್ಲ. ಫ್ಲೂ ಎಂಬುದು ಇನ್‌ಫ್ಲುಯೆಂಜಾ ವೈರಸ್ಸಿನಿಂದಲೇ ಬರುವ ಕಾಯಿಲೆ. ಅದು ನಿಧಾನವಾಗಿ ಏರುವುದಿಲ್ಲ. ಬೆಳಿಗ್ಗೆ ಹೊಲಕ್ಕೆ ಹೋದ ಮನುಷ್ಯ ಮಧ್ಯಾಹ್ನಕ್ಕೆ ಜ್ವರ, ಮೈಕೈ ನೋವಿನಿಂದ ಹಾಸಿಗೆ ಹಿಡಿಯುತ್ತಾನೆ. ವಯಸ್ಸಾದವರಲ್ಲಿ ಕೆಲವೊಮ್ಮೆ ಜ್ವರವೇ ಕಾಣಿಸದೆ ಬರೀ ನಿಶ್ಶಕ್ತಿ, ಮಾತಿನಲ್ಲಿ ಗೊಂದಲ, ಉಸಿರು ಕಟ್ಟುವಿಕೆ ಇರಬಹುದು. 1918ರಲ್ಲಿ ಮುಂಬಯಿಯಿಂದ ರೈಲು ಮಾರ್ಗಗಳ ಗುಂಟ ಹರಡಿ ಇಡೀ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಇದೇ ಕುಲದ ವೈರಸ್ಸು. ನಮ್ಮ ಬೆಳಗಾವಿ, ವಿಜಯಪುರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. 2009ರಲ್ಲಿ ಬಂದ ಎಚ್1ಎನ್1 ಪಿಡುಗು ಮುಗಿದರೂ ಆ ವೈರಸ್ಸು ಹೋಗಲಿಲ್ಲ, ಪ್ರತಿ ವರ್ಷ ಬರುವ ಫ್ಲೂಗಳಲ್ಲಿ ಒಂದಾಗಿ ಉಳಿಯಿತು. 2015ರಲ್ಲಿ ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿ ಮೂರು ಸಾವಿರದ ಹತ್ತಿರ ಜನ ತೀರಿಕೊಂಡರು. 2023ರ ಮಾರ್ಚಿನಲ್ಲಿ ನಮ್ಮದೇ ರಾಜ್ಯದ ಹಾಸನ ಜಿಲ್ಲೆಯಲ್ಲಿ ಎಚ್3ಎನ್2 ಎಂಬ ಇನ್ನೊಂದು ಬಗೆಯ ಫ್ಲೂನಿಂದ ಹಿರಿಯರೊಬ್ಬರು ಮೃತಪಟ್ಟದ್ದು ಪತ್ರಿಕೆಗಳಲ್ಲಿ ಬಂದಿತ್ತು.

ಪ್ರತಿ ವರ್ಷ ಏಕೆ ಎಂಬ ಪ್ರಶ್ನೆ ಸಹಜ. ಸಿಡುಬಿನ ಲಸಿಕೆ ಒಂದು ಕಾಲಕ್ಕೆ ನಮ್ಮ ಬೆಳಗಾವಿಯಲ್ಲೇ ತಯಾರಾಗುತ್ತಿತ್ತು; ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನಕ್ಕೆ ಸಂಜೆ ತಿರುಗಾಡಲು ಹೋಗುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆಯೋ ತಿಳಿಯದು. ಸಿಡುಬಿನ ವೈರಸ್ಸು ತನ್ನ ರೂಪ ಬದಲಿಸುತ್ತಿರಲಿಲ್ಲ, ಅದಕ್ಕಾಗಿಯೇ ಅದನ್ನು ಭೂಮಿಯಿಂದಲೇ ಅಳಿಸಲು ಸಾಧ್ಯವಾಯಿತು. ಇನ್‌ಫ್ಲುಯೆಂಜಾ ಹಾಗಲ್ಲ. ಅದು ಮೈಮೇಲಿನ ಪ್ರೋಟೀನುಗಳನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತಲೇ ಇರುತ್ತದೆ, ಜೊತೆಗೆ ಲಸಿಕೆಯಿಂದ ಬಂದ ರಕ್ಷಣೆಯೂ ಕೆಲವು ತಿಂಗಳುಗಳಲ್ಲಿ ಕುಂದುತ್ತದೆ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವರ್ಷಕ್ಕೆ ಎರಡು ಸಲ ಸೇರಿ, ಯಾವ ತಳಿಗಳನ್ನು ಲಸಿಕೆಗೆ ಸೇರಿಸಬೇಕೆಂದು ನಿರ್ಧರಿಸುತ್ತಾರೆ: ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಳಾರ್ಧಕ್ಕೆ.

ಯಾವ ತಿಂಗಳು ಎಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಅಮೆರಿಕೆಯ ಬರಹಗಳನ್ನು ಓದಿ ಅಕ್ಟೋಬರಿನಲ್ಲಿ ಹಾಕಿಸಿಕೊಳ್ಳುವವರನ್ನು ನೋಡಿದ್ದೇನೆ. ಅದು ಅಲ್ಲಿನ ಚಳಿಗಾಲಕ್ಕೆ ಸರಿ. ಭೂಪಟದಲ್ಲಿ ನಾವು ಉತ್ತರ ಗೋಳಾರ್ಧದವರಾದರೂ, ಕಾಶ್ಮೀರದಂಥ ಪ್ರದೇಶಗಳನ್ನು ಬಿಟ್ಟರೆ ಭಾರತದ ಹೆಚ್ಚಿನ ಭಾಗದಲ್ಲಿ ಫ್ಲೂ ಏರುವುದು ಮಳೆಗಾಲದಲ್ಲಿ. ಜನವರಿಯಿಂದ ಮಾರ್ಚಿನ ತನಕ ಇನ್ನೊಂದು ಸಣ್ಣ ಏರಿಕೆ ಇರುತ್ತದೆ. ಹಾಗಾಗಿ ದಕ್ಷಿಣ ಗೋಳಾರ್ಧದ ಹೊಸ ಲಸಿಕೆ ಅಂಗಡಿಗೆ ಬರುವ ಏಪ್ರಿಲ್–ಮೇ ತಿಂಗಳಿನಲ್ಲಿ, ಮುಂಗಾರು ಇಳಿಯುವ ಮೊದಲು ಹಾಕಿಸಿಕೊಳ್ಳುವುದು ನಮ್ಮ ಭಾಗಕ್ಕೆ ಉತ್ತಮ. ರಕ್ಷಣೆ ಹುಟ್ಟಲು ಸುಮಾರು ಎರಡು ವಾರ ಬೇಕು. ಮೇ ತಿಂಗಳಲ್ಲಿ ಹಾಕಿಸಿದ್ದು ಮರುವರ್ಷದ ಶ್ರೀಶೈಲ ಪಾದಯಾತ್ರೆಯ ಹೊತ್ತಿಗೆ ಬಹಳ ಮಟ್ಟಿಗೆ ಇಳಿದಿರುತ್ತದೆ, ವಿಶೇಷವಾಗಿ ವೃದ್ಧರಲ್ಲಿ. ಆ ದಿನಗಳಲ್ಲಿ ತಂದೆಯವರು ಮಾಸ್ಕ್ ಧರಿಸಿ ಸೇವೆ ಮಾಡಲಿ, ಕೈ ತೊಳೆಯಲಿ. ಕೆಮ್ಮುವ ಯಾತ್ರಿಕರನ್ನು ಒಳಗಿನ ಕೋಣೆಗಿಂತ ಪೆಂಡಾಲಿನ ಗಾಳಿಯಲ್ಲಿ ಕೂರಿಸಿ.

ಭಾವನವರ ಜ್ವರದ ವಿಷಯ. ಸೂಜಿಯ ಮೂಲಕ ಕೊಡುವ ಈ ಲಸಿಕೆಯಲ್ಲಿ ಇರುವುದು ಸತ್ತ ವೈರಸ್ಸಿನ ತುಣುಕುಗಳು. ಅದರಿಂದ ಫ್ಲೂ ಬರಲು ಸಾಧ್ಯವಿಲ್ಲ. ಒಂದೆರಡು ದಿನ ತೋಳು ನೋವು, ಸಣ್ಣ ಜ್ವರ ಬರಬಹುದು. ಅಥವಾ ಎರಡು ವಾರ ತುಂಬುವ ಮೊದಲೇ ಅವರಿಗೆ ಹೊರಗಿನಿಂದ ಬೇರೆ ಸೋಂಕು ತಗುಲಿರಬಹುದು. ನರಗಳ ದೌರ್ಬಲ್ಯ ತರುವ ಗಿಯಾನ್–ಬರೆ ಎಂಬ ಕಾಯಿಲೆಯ ಭಯವನ್ನೂ ಕೆಲವರು ಎತ್ತುತ್ತಾರೆ. 1976ರಲ್ಲಿ ಅಮೆರಿಕೆಯಲ್ಲಿ ಬಳಸಿದ ಒಂದು ಲಸಿಕೆಯಿಂದ ಸುಮಾರು ಲಕ್ಷಕ್ಕೆ ಒಬ್ಬರಿಗೆ ಅದು ಹೆಚ್ಚುವರಿಯಾಗಿ ಬಂದದ್ದು ನಿಜ, ಇಂದಿನ ಲಸಿಕೆಗಳಲ್ಲಿ ಅದು ಇದ್ದರೂ ಹತ್ತು ಲಕ್ಷಕ್ಕೆ ಒಂದೆರಡು ಮಾತ್ರ. ಹಿಂದೆ ಈ ಲಸಿಕೆಯಿಂದ ತೀವ್ರ ಅಲರ್ಜಿಯಾದವರು ಮತ್ತೆ ಹಾಕಿಸಿಕೊಳ್ಳಬಾರದು. ಆರು ತಿಂಗಳಿಗಿಂತ ಸಣ್ಣ ಕೂಸುಗಳಿಗೆ ಇದನ್ನು ಕೊಡುವುದಿಲ್ಲ. ಅಂಥ ಕೂಸನ್ನು ಕಾಯುವ ದಾರಿಯೆಂದರೆ ತಾಯಿಗೆ ಗರ್ಭಿಣಿಯಾಗಿದ್ದಾಗಲೇ ಹಾಕಿಸುವುದು.

ಈಗ ನಿಮ್ಮ ಮನೆಯ ಮಟ್ಟಿಗೆ. ತಂದೆ, ತಾಯಿ ಇಬ್ಬರಿಗೂ ಖಂಡಿತ ಹಾಕಿಸಿ. ದಮ್ಮು ಇರುವ ತಾಯಿಯವರನ್ನು ನಾನು ಎರಡನೆಯವರೆಂದು ಎಣಿಸುವುದಿಲ್ಲ. ಮೂರನೆಯದು ಮಗಳು. ಶಾಲೆಯಿಂದ ಜ್ವರವನ್ನು ಮನೆಗೆ ತರುವವರು ಚಿಕ್ಕ ಮಕ್ಕಳೇ, ಜೊತೆಗೆ ಎಂಟು ವರ್ಷದೊಳಗಿನ ಮಕ್ಕಳಿಗೆ ಲಸಿಕೆ ಹಾಕಿಸುವುದು ಅಪೇಕ್ಷಣೀಯ ಎಂದು ಕೇಂದ್ರ ಆರೋಗ್ಯ ಇಲಾಖೆಯೂ ಹೇಳುತ್ತದೆ. ಅವಳಿಗೆ ಇದು ಮೊದಲನೆಯ ಸಲವಾದ್ದರಿಂದ ನಾಲ್ಕು ವಾರಗಳ ಅಂತರದಲ್ಲಿ ಎರಡು ಸಲ ಹಾಕಿಸಬೇಕು, ಮುಂದಿನ ವರ್ಷದಿಂದ ಒಂದೇ ಸಾಕು. ನಿಮಗೂ ಶ್ರೀಮತಿಯವರಿಗೂ ಮಗನಿಗೂ ಹಣದ ಅನುಕೂಲವಿದ್ದರೆ ಹಾಕಿಸಿ. ಹಿರಿಯರ ದೇಹ ಲಸಿಕೆಗೆ ಅಷ್ಟಾಗಿ ಸ್ಪಂದಿಸುವುದಿಲ್ಲವಾದ್ದರಿಂದ ಅವರ ಸುತ್ತಲಿನವರು ಹಾಕಿಸಿಕೊಂಡರೆ ಅವರಿಗೂ ಸ್ವಲ್ಪ ಆಸರೆ. ಇದು ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲದ್ದರಿಂದ ಪೋಲಿಯೋ, ದಡಾರದ ಲಸಿಕೆಯಂತೆ ಉಚಿತವಾಗಿ ಸಿಗುವುದಿಲ್ಲ, ಆ ಹೊರೆ ನನಗೆ ಗೊತ್ತಿದೆ.

ನವನಗರವಾಸಿ, ಬಾಗಲಕೋಟೆ

ಡಾಕ್ಟರ್ ಸಾಹೇಬರಿಗೂ ಅಕ್ಕಾವರಿಗೂ ಉಪನ್ಯಾಸಕ ಸರ್ ಅವರಿಗೂ ಧನ್ಯವಾದಗಳು. ಎಲ್ಲವನ್ನೂ ರಾತ್ರಿ ಊಟವಾದ ಮೇಲೆ ತಂದೆಯವರಿಗೆ ಓದಿ ಹೇಳಿದೆ. ಹೃದಯಾಘಾತದ ಮಾತು ಬಂದಾಗ ಅವರು ಕನ್ನಡಕ ತೆಗೆದಿಟ್ಟು ಆ ಸಾಲನ್ನು ಮತ್ತೊಮ್ಮೆ ಓದಿಸಿದರು; ಕಷಾಯದ ವಾದ ಅಲ್ಲಿಗೆ ನಿಂತಿದೆ. ಮೊದಲ ಹಂತದಲ್ಲಿ ತಂದೆಯವರಿಗೂ ಮಗಳಿಗೂ ಹಾಕಿಸುವುದೆಂದು ಗೊತ್ತಾಗಿದೆ. ಅವ್ವ ಇನ್ನೂ ಒಪ್ಪಿಲ್ಲ, ಒತ್ತಾಯ ಮಾಡುತ್ತಿಲ್ಲ.

ಎರಡು ಸಂದೇಹಗಳು ಉಳಿದಿವೆ. ನಮ್ಮ ಮನೆಯ ಹತ್ತಿರದ ಔಷಧ ಅಂಗಡಿಯವರು ಲಸಿಕೆ ತರಿಸಿಕೊಡುತ್ತೇವೆ, ನೀವೇ ಒಯ್ದು ನಿಮ್ಮ ಡಾಕ್ಟರರ ಹತ್ತಿರ ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ. ಈ ಬಿಸಿಲಿನಲ್ಲಿ ಅದು ಸರಿಯೇ? ಮತ್ತು ತಂದೆಯವರು ಸ್ಟೆಂಟ್ ಹಾಕಿದಾಗಿನಿಂದ ರಕ್ತ ತೆಳುವಾಗಿಸುವ ಎರಡು ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ, ತೋಳಿನ ಸ್ನಾಯುವಿಗೆ ಸೂಜಿ ಹಾಕಬಹುದೇ?

ಉತ್ತರ: ಔಷಧ ವ್ಯಾಪಾರಿ, ಗೋಕಾಕ

ಮೊದಲನೆಯ ಸಂದೇಹಕ್ಕೆ ನಾನು ಉತ್ತರಿಸುತ್ತೇನೆ. ಈ ಲಸಿಕೆಯನ್ನು ಕಾರ್ಖಾನೆಯಿಂದ ತೋಳಿನ ತನಕ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇಡಬೇಕು. ನಮ್ಮ ಭಾಗದಲ್ಲಿ ಮೇ ತಿಂಗಳೆಂದರೆ 40 ಡಿಗ್ರಿಯ ಆಸುಪಾಸು, ಅದರ ಮೇಲೆ ವಿದ್ಯುತ್ ಕಡಿತ. ಆದ್ದರಿಂದ ಸಾಧ್ಯವಾದ ಮಟ್ಟಿಗೆ, ಲಸಿಕೆ ಹಾಕುವ ದವಾಖಾನೆಯಲ್ಲೇ ಅದನ್ನು ಇಟ್ಟಿರುವ ಕಡೆ ಹೋಗುವುದು ಮೇಲು. ಮಕ್ಕಳ ತಜ್ಞರ ದವಾಖಾನೆಗಳಲ್ಲಿ ಸಾಮಾನ್ಯವಾಗಿ ಲಸಿಕೆಗಾಗಿಯೇ ಬೇರೆ ಫ್ರಿಜ್ ಇರುತ್ತದೆ, ದೊಡ್ಡವರಿಗೂ ಅಲ್ಲೇ ಹಾಕಿಸಬಹುದೇ ಎಂದು ಕೇಳಿ ನೋಡಿ.

ಅಂಗಡಿಯಿಂದಲೇ ಒಯ್ಯುವ ಪ್ರಸಂಗ ಬಂದರೆ ಮೊದಲು ಅವರ ಫ್ರಿಜ್ಜನ್ನು ನೋಡಿ. ಒಳಗೆ ಉಷ್ಣಮಾಪಕ ಇರಬೇಕು, ಇನ್ವರ್ಟರ್ ಸಂಪರ್ಕ ಇರಬೇಕು. ತಂಪು ಪಾನೀಯದ ಬಾಟಲಿಗಳ ನಡುವೆ ಲಸಿಕೆಯ ಡಬ್ಬಿ ತುರುಕಿದ್ದರೆ, ಗಿರಾಕಿ ಬಂದಾಗಲೆಲ್ಲ ಬಾಗಿಲು ತೆರೆಯುತ್ತಿದ್ದರೆ, ಅಲ್ಲಿ ಕೊಳ್ಳಬೇಡಿ. ನಮ್ಮ ವ್ಯಾಪಾರಿ ಬಂಧುಗಳು ನನ್ನ ಮೇಲೆ ಸಿಟ್ಟಾದರೂ ಚಿಂತೆಯಿಲ್ಲ. ಒಯ್ಯುವಾಗ ತಂಪಿನ ಚೀಲದಲ್ಲಿ ಐಸ್ ಪ್ಯಾಕ್ ಹಾಕಿ, ಆದರೆ ಡಬ್ಬಿಗೂ ಐಸಿಗೂ ನಡುವೆ ಬಟ್ಟೆ ಅಥವಾ ರಟ್ಟು ಇರಲಿ. ಬಿಸಿಯಾದರೆ ಮಾತ್ರ ಕೆಡುತ್ತದೆಂದು ಜನ ತಿಳಿದಿದ್ದಾರೆ. ಹೆಪ್ಪುಗಟ್ಟಿದ ಲಸಿಕೆಯೂ ಅಷ್ಟೇ ನಿರುಪಯೋಗಿ, ಅದನ್ನು ಮತ್ತೆ ಕರಗಿಸಿ ಬಳಸುವಂತಿಲ್ಲ.

ಡಬ್ಬಿಯ ಮೇಲೆ ಬರೀ ಅವಧಿ ಮುಗಿಯುವ ದಿನಾಂಕ ನೋಡಿದರೆ ಸಾಲದು. ಹೋದ ಹಂಗಾಮಿನ ಲಸಿಕೆಗೂ ಕೆಲವೊಮ್ಮೆ ಇನ್ನೊಂದೆರಡು ತಿಂಗಳ ಅವಧಿ ಉಳಿದಿರುತ್ತದೆ, ಅಂಥದ್ದನ್ನು ಮೇ ತಿಂಗಳಲ್ಲಿ ದಾಟಿಸುವವರಿದ್ದಾರೆ. ಯಾವ ವರ್ಷದ, ಯಾವ ಗೋಳಾರ್ಧದ ತಳಿಗಳು ಎಂಬುದು ಮುದ್ರಿತವಾಗಿರುತ್ತದೆ, ದಕ್ಷಿಣಕ್ಕೆ ಎಸ್.ಎಚ್., ಉತ್ತರಕ್ಕೆ ಎನ್.ಎಚ್. ಎಂಬ ಗುರುತು ಕಂಡುಬರುತ್ತದೆ, ಓದಿ ಕೊಳ್ಳಿ. ನಾಲ್ಕು ತಳಿಯದು ಬೇಕೇ ಮೂರು ತಳಿಯದು ಸಾಕೇ ಎಂದು ಬಹಳ ಗಿರಾಕಿಗಳು ಕೇಳುತ್ತಾರೆ. ನಾಲ್ಕನೆಯದಾದ ಬಿ–ಯಾಮಗಾಟಾ ತಳಿ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಎಲ್ಲಿಯೂ ಖಚಿತವಾಗಿ ಕಂಡುಬಂದಿಲ್ಲ, ಅದನ್ನು ಸೇರಿಸುವ ಅಗತ್ಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಮೂರು ತಳಿಯದು ಸಿಕ್ಕರೆ ಕಡಿಮೆಯದೆಂದು ತಿಳಿಯಬೇಡಿ, ನಾಲ್ಕಕ್ಕೆಂದು ಹೆಚ್ಚಿನ ದುಡ್ಡನ್ನೂ ಕೊಡಬೇಡಿ. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಬರೆಸಿಕೊಳ್ಳಿ.

ಉತ್ತರ: ಗಣಿತ ಉಪನ್ಯಾಸಕ, ಜಮಖಂಡಿ

ಡಾಕ್ಟರರು ಹೇಳಿದ ಹೃದಯದ ಲೆಕ್ಕವನ್ನು ಒಪ್ಪುತ್ತೇನೆ. ತಂದೆಯವರ ಮಟ್ಟಿಗೆ ಅದು ನನ್ನ ಮೂವತ್ತಕ್ಕೆ ಒಬ್ಬರು ಎಂಬ ಲೆಕ್ಕಕ್ಕಿಂತ ತೂಕದ್ದು. ಆದರೂ ಕೇಳುತ್ತೇನೆ: ತಾಯಿಯವರು ಒಪ್ಪದೇ ಹೋದರೆ ಅವರ ಸುತ್ತಲಿನವರಿಗೆ ಹಾಕಿಸುವುದರಿಂದ ಅವರಿಗೆ ಎಷ್ಟರ ಮಟ್ಟಿಗೆ ರಕ್ಷಣೆ ಸಿಕ್ಕೀತು? ಅವರು ಮನೆಯಲ್ಲಷ್ಟೇ ಇರುವವರಲ್ಲ, ಗುಡಿಗೆ, ಸಂತೆಗೆ, ಮದುವೆಗೆ ಹೋಗುವವರೇ ತಾನೇ.

ಉತ್ತರ: ನಿವೃತ್ತ ವೈದ್ಯ, ಬೆಳಗಾವಿ

ಉಪನ್ಯಾಸಕರ ಪ್ರಶ್ನೆ ನ್ಯಾಯವಾದದ್ದು. ಸುತ್ತಲಿನವರಿಗೆ ಹಾಕಿಸುವುದು ತಾಯಿಯವರಿಗೆ ಹಾಕಿಸುವುದಕ್ಕೆ ಸಾಟಿಯಲ್ಲ. ಅವರು ಒಪ್ಪದಿದ್ದರೆ ಎರಡನೆಯ ಕಾವಲು ಬೇಕು: ಫ್ಲೂ ಎಂಬ ಅನುಮಾನ ಬಂದ ಕೂಡಲೇ, ಮೊದಲ 48 ಗಂಟೆಗಳ ಒಳಗೆ ವೈದ್ಯರಿಗೆ ತೋರಿಸಿ. ಒಸೆಲ್ಟಮಿವಿರ್ ಎಂಬ ಗುಳಿಗೆಯನ್ನು ಆ ಅವಧಿಯಲ್ಲಿ ಆರಂಭಿಸಿದರೆ ಹೆಚ್ಚು ಪ್ರಯೋಜನ. ನಮ್ಮ ಕಡೆ ಜ್ವರ ಬಂದ ಕೂಡಲೇ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಿ, ಕಡಿಮೆಯಾಗದೆ ನಾಲ್ಕನೆಯ ದಿನ ದವಾಖಾನೆಗೆ ಬರುತ್ತಾರೆ. ವೈರಸ್ಸಿನ ಮೇಲೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಅಷ್ಟರಲ್ಲಿ ಅಮೂಲ್ಯವಾದ ಎರಡು ದಿನ ಕಳೆದುಹೋಗಿರುತ್ತದೆ. ದಮ್ಮು ಇರುವವರಲ್ಲಿ ಕಾಯುವುದು ಇನ್ನೂ ಅಪಾಯ.

ಮೊಟ್ಟೆಯ ವಿಷಯದಲ್ಲಿ ವಿಜಯಪುರದ ಸಹೋದರಿಯವರು ಹೇಳಿದ ರೀತಿಯೇ ಸರಿ. ಮೊಟ್ಟೆಯಿಲ್ಲದೆ ಜೀವಕೋಶಗಳಲ್ಲಿ ಬೆಳೆಸಿ ತಯಾರಿಸುವ ಲಸಿಕೆಗಳು ಹೊರದೇಶಗಳಲ್ಲಿ ಬಳಕೆಯಲ್ಲಿವೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಮೊಟ್ಟೆಯಲ್ಲಿ ಬೆಳೆಸಿದ್ದೇ. ಇದು ಆಚಾರದ ಪ್ರಶ್ನೆಯೇ ಹೊರತು ಅಪಾಯದ ಪ್ರಶ್ನೆಯಲ್ಲ. ಮೊಟ್ಟೆಯ ಅಲರ್ಜಿ ಇರುವವರಿಗೂ ಈಗ ಇದನ್ನು ಕೊಡುತ್ತಾರೆ.

ತಂದೆಯವರ ರಕ್ತ ತೆಳುವಾಗಿಸುವ ಗುಳಿಗೆಗಳನ್ನು ಲಸಿಕೆಗಾಗಿ ಒಂದು ದಿನವೂ ನಿಲ್ಲಿಸಬೇಡಿ. ಸ್ಟೆಂಟ್ ಇರುವವರು ಅವನ್ನು ತಾವಾಗಿಯೇ ನಿಲ್ಲಿಸುವುದು ಫ್ಲೂಗಿಂತ ದೊಡ್ಡ ಅಪಾಯ. ಸಣ್ಣ ಸೂಜಿ ಬಳಸಲು ಹೇಳಿ, ಹಾಕಿದ ಜಾಗವನ್ನು ತಿಕ್ಕದೆ ಹತ್ತಿಯಿಂದ ಎರಡು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಸ್ವಲ್ಪ ನೀಲಿಗಟ್ಟಿದರೆ ಗಾಬರಿ ಬೇಡ. ಹಾಕಿಸಿದ ಮೇಲೆ ದವಾಖಾನೆಯಲ್ಲೇ ಅರ್ಧ ಗಂಟೆ ಕೂತು ಹೊರಡಿ.

ಅವರ ವಯಸ್ಸಿಗೂ ಸಕ್ಕರೆ ಕಾಯಿಲೆಗೂ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧದ ನ್ಯುಮೋನಿಯಾ ಲಸಿಕೆಯ ಅಗತ್ಯವೂ ಇದೆ. ಅದು ಪ್ರತಿ ವರ್ಷದ್ದಲ್ಲ. ಸ್ಟೆಂಟ್ ಹಾಕಿದಾಗಲೋ ನಂತರವೋ ಅದನ್ನು ಕೊಟ್ಟಿದ್ದಾರೆಯೇ ಎಂದು ಹಳೆಯ ಚೀಟಿಗಳಲ್ಲಿ ನೋಡಿ. ಕೊಟ್ಟಿಲ್ಲದಿದ್ದರೆ ನಿಮ್ಮ ವೈದ್ಯರನ್ನು ಕೇಳಿ ಅದೇ ದಿನ ಇನ್ನೊಂದು ತೋಳಿಗೆ ಹಾಕಿಸಬಹುದು.